ಮೂರನೆಯ ಕೂಗು

ಮೂರನೆಯ ಕೂಗಿಗೆ ನೀಲಾಂಬಿಕೆ ಮತ್ತೆ "ಏನೂಂದ್ರೆ" ಎಂದಳು. ಸುತ್ತ ಕೂತಿದ್ದ ಹೆಂಗಸರೆಲ್ಲ ನಕ್ಕರು. ರಾಜನ ಪಾತ್ರದ ನಂಜಮ್ಮ ಯುದ್ಧಕ್ಕೆ ಹೊರಟವಳು ಅರ್ಧದಲ್ಲೇ ನಿಂತು, ಸೊಂಟದ ಮೇಲೆ ಕೈಯಿಟ್ಟು ತಿರುಗಿದಳು.

"ಏನವ್ವ, ಸಾರಿಗೆ ಉಪ್ಪು ಸಾಕಾ ಅಂತ ಕೇಳಕ್ಕೆ ಕರದಂಗೈತೆ. ನಾನು ಕತ್ತಿ ಇಡ್ಕಂಡು ಒಂಟಿವ್ನಿ ಕಣವ್ವ."

"ಇನ್ನೊಂದು ಸಲ," ಎಂದರು ಬಸವಲಿಂಗಮ್ಮ.

ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಅವರು. ನಾಟಕ ಬರೆದವರೂ ಅವರೇ, ಕಲಿಸುವವರೂ ಅವರೇ. ಆಗ ನಡೆಯುತ್ತಿದ್ದ ಮಹಾಯುದ್ಧದ ದೆಸೆಯಿಂದ ಸೀಮೆಎಣ್ಣೆಗೆ ತತ್ವಾರವಾಗಿತ್ತು. ಹಾಗಾಗಿ ಮಧ್ಯಾಹ್ನದ ಊಟ ಮುಗಿದ ಮೇಲೆ ಅವರ ನಡುಮನೆಯಲ್ಲೇ ತಾಲೀಮು. ಅವರು ಗಂಡನನ್ನು ಕಳೆದುಕೊಂಡು ಹತ್ತು ವರ್ಷವಾಗಿದ್ದರೂ ಊರಿನ ಬಾಯಲ್ಲಿ ಅದು ಈಗಲೂ ಪಂಚಾಕ್ಷರಯ್ಯನವರ ಮನೆ. ತಾಲೀಮಿಗೆ ಬರುವವರು ಕೈಯಲ್ಲಿ ಮನೆಗೆಲಸ ಹಿಡಿದೇ ಬರಬೇಕೆಂಬುದು ಅವರ ಕಟ್ಟಳೆ. ಅತ್ತೆಯರ ಬಾಯಿ ಮುಚ್ಚಿಸಲು ಅದಕ್ಕಿಂತ ಒಳ್ಳೆಯ ಉಪಾಯವಿರಲಿಲ್ಲ. ತಮ್ಮ ಸರದಿ ಬರುವ ತನಕ ಒಬ್ಬಳು ಹುಣಸೆಬೀಜ ಬಿಡಿಸುತ್ತಿದ್ದಳು, ಒಬ್ಬಳು ಅಕ್ಕಿ ಆರಿಸುತ್ತಿದ್ದಳು. ನೀಲಾಂಬಿಕೆಯ ಮೊರದಲ್ಲಿ ಹೊಸೆದ ಹೂಬತ್ತಿ. ಯಾರು ಎಲ್ಲಿ ನಿಲ್ಲಬೇಕೆಂದು ನೆಲದ ಮೇಲೆ ರಂಗೋಲಿಹಿಟ್ಟಿನ ಗುರುತು ಬೇರೆ: ರಾಣಿಗೆ ಕಂಬದ ಬಳಿ ಒಂದು ಚುಕ್ಕಿ, ರಾಜನಿಗೆ ಹಿತ್ತಿಲ ಬಾಗಿಲ ಕಡೆ ಒಂದು ಗೆರೆ.

ತಿಂಗಳ ಹಿಂದೆ ನಾಲ್ಕು ಜನರೆದುರು ತಲೆಯೆತ್ತದಿದ್ದ ನೀಲಾಂಬಿಕೆ ಈಗ ರಾಣಿಯಾಗಿ ಆ ಚುಕ್ಕಿಯ ಮೇಲೆ ನಿಂತರೆ ಪಕ್ಕದ ಕಂಬಕ್ಕಿಂತ ನೆಟ್ಟಗಿರುತ್ತಿದ್ದಳು. ತನಗೆ ಅಷ್ಟು ದೊಡ್ಡ ಕಂಠವಿದೆಯೆಂದು ಅವಳಿಗೆ ಗೊತ್ತಾದದ್ದೇ ಅಲ್ಲಿ. ಆ ಪಾತ್ರ ಕೈತಪ್ಪಿದರೆ ಮತ್ತೆ ಆ ಕಂಠವನ್ನು ಎಲ್ಲಿಡುವುದೆಂದು ಅವಳಿಗೆ ತಿಳಿಯದು. ಆದರೆ ನಾಟಕದ ರಾಜನ ಹೆಸರು ಗಂಗಾಧರ, ಅವಳ ಗಂಡನ ಹೆಸರು ಗಂಗಾಧರಯ್ಯ. ದೇವರ ಸ್ತೋತ್ರದಲ್ಲಿ ಆ ಹೆಸರು ಬಂದರೂ ತುಟಿ ಮುಚ್ಚಿಕೊಂಡು ಮುಂದಿನ ಸಾಲಿಗೆ ಹೋಗುವವಳು ಅವಳು.

"ಪ್ರಾಣಕಾಂತ ಅಂದ್ರೆ ಸಾಲ್ದೆ ಅಮ್ಮಾವ್ರೆ? ಕಂಪನಿ ನಾಟಕದೋರೆಲ್ಲ ಹಂಗೇ ಅಂತಾರಲ್ಲ," ಎಂದಳು ನೀಲಾಂಬಿಕೆ.

"ಮೊದಲನೇ ಕೂಗಿಗೆ ಪ್ರಭು ಅಂತೀಯ, ಅವನು ತಿರುಗಲ್ಲ. ಊರೆಲ್ಲ ಅವನನ್ನ ಪ್ರಭು ಅಂತಲೇ ಕರೆಯುತ್ತೆ. ಆಮೇಲೆ ಪ್ರಾಣಕಾಂತ ಅಂತೀಯ, ಅದೂ ಅವನಿಗೆ ಕೇಳಿ ಕೇಳಿ ಸಾಕಾಗಿದೆ. ತಾನು ಯಾರು ಅನ್ನೋದೇ ಮರೆತು ಹೊರಟವನನ್ನ ಹೆಸರು ಹಿಡಿದೇ ಕೂಗಬೇಕಮ್ಮ. ನಾಟಕ ನಿಂತಿರೋದೇ ಅದರ ಮೇಲೆ."

"ಅಂಗಾರೆ ರಾಜನ ಎಸ್ರನ್ನೇ ಬದ್ಲಾಯ್ಸಿ," ಎಂದಳು ನಂಜಮ್ಮ. "ಚಲುವರಾಜ ಅನ್ನಿ."

ಹುಣಸೆಹಣ್ಣಿನ ಮುಂದೆ ಕೂತಿದ್ದ ಪಾರ್ವತಮ್ಮ ಗಾಬರಿಯಾಗಿ ತಲೆಯೆತ್ತಿದಳು. "ಬ್ಯಾಡಿ ಅಮ್ಮಾವ್ರೆ. ಅದು ನಮ್ಮನೆಯೋರ್ದು."

"ನೋಡಿದಿರಾ? ಯಾವ ಹೆಸರಿಟ್ಟರೂ ಈ ಊರಲ್ಲಿ ಯಾರಾದರೊಬ್ಬಳ ಗಂಡನದೇ. ಕರಪತ್ರ ಬೇರೆ ಹಾಸನದಿಂದ ಅಚ್ಚಾಗಿ ಬಂದಿದೆ. ಇನ್ನು ಉಳಿದಿರೋದು ನಾಲ್ಕು ದಿನ, ನೀಲಾ. ಇವತ್ತು ನಿನ್ನ ಕೈಲಿ ಆಗದಿದ್ದರೆ ಪಾತ್ರ ಪಾರ್ವತಮ್ಮನಿಗೆ ಕೊಡ್ತೀನಿ. ನಿನ್ನಷ್ಟು ಚೆನ್ನಾಗಿ ಮಾಡಲ್ಲ ಅಂತ ಗೊತ್ತಿದ್ದೂ ಕೊಡ್ತೀನಿ."

"ಅದೂ ದಿಟವೇ," ಎಂದಳು ಪಾರ್ವತಮ್ಮ.

ನೀಲಾಂಬಿಕೆ ಕಾಲಡಿಯ ಚುಕ್ಕಿಯನ್ನೇ ನೋಡುತ್ತಿದ್ದಳು. "ಹೇಳಿದ್ರೆ ಅವರ ಆಯಸ್ಸು ಕಮ್ಮಿಯಾಗ್ತದೆ ಅಂತ ನಮ್ಮವ್ವ..." ಎಂದವಳು, ಯಾರ ಮನೆಯಲ್ಲಿ ನಿಂತಿದ್ದೇನೆಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಅಕ್ಕಿ ಆರಿಸುತ್ತಿದ್ದ ಕೈಯೂ ನಿಂತಿತು.

ಬಸವಲಿಂಗಮ್ಮ ಬಗ್ಗಿ, ನಂಜಮ್ಮನ ಕಾಲು ತಾಗಿ ಅಳಿಸಿದ್ದ ಗೆರೆಯ ಮೇಲೆ ಚಿಟಿಕೆ ಹಿಟ್ಟು ಎಳೆದರು.

"ನಾನು ನಮ್ಮನೆಯವರ ಜೊತೆ ಹನ್ನೆರಡು ವರ್ಷ ಬಾಳಿದೆ," ಎಂದರು. "ಒಂದು ದಿನವೂ ಹೇಳಲಿಲ್ಲ."

ಎದ್ದು ಕೈ ಒದರಿಕೊಂಡರು. "ಇನ್ನೊಂದು ಸಲ."

ನಂಜಮ್ಮ ಹೊರಟಳು. "ಪ್ರಭು," ಎಂದಳು ನೀಲಾಂಬಿಕೆ. ನಂಜಮ್ಮ ನಡೆದೇ ನಡೆದಳು. "ಪ್ರಾಣಕಾಂತ." ನಂಜಮ್ಮ ಗೆರೆ ಮುಟ್ಟುವುದರಲ್ಲಿದ್ದಳು. ನೀಲಾಂಬಿಕೆ ಕಣ್ಣು ಮುಚ್ಚಿ ತೆರೆದಳು.

"ಗಂಗಾಧರ."

ಅವಳೇನೂ ಕಿರುಚಿರಲಿಲ್ಲ, ಆದರೂ ಹಿತ್ತಿಲಲ್ಲಿ ಕಟ್ಟಿದ್ದ ಹಸು ಕಿವಿ ನಿಮಿರಿಸಿತು. ಮದುವೆಯಾದಾಗಿನಿಂದ ಒಂಬತ್ತು ವರ್ಷ ಬಾಯೊಳಗೇ ಇದ್ದ ಆ ಹೆಸರು ಇಷ್ಟು ಹಗುರವೇ ಎಂದು ನೀಲಾಂಬಿಕೆಗೆ ಸೋಜಿಗವಾಯಿತು. ರಾಜ ಮಾತ್ರ ತಿರುಗಲಿಲ್ಲ.

"ತಿರಿಕ್ಕಳದೇ ಮರ್ತೋಯ್ತು ಅಮ್ಮಾವ್ರೆ," ಎಂದಳು ನಂಜಮ್ಮ. "ಮೈಯೆಲ್ಲ ಜುಮ್ಮಂದ್ಬುಡ್ತು."

ಯಾರೂ ನಗಲಿಲ್ಲ. ಬಸವಲಿಂಗಮ್ಮ ನಾಟಕದ ಪುಸ್ತಕದಿಂದ ಮುಖ ಎತ್ತದೆ ಮತ್ತೆ ನಾಲ್ಕು ಸಲ ಅದೇ ಜಾಗವನ್ನು ಮಾಡಿಸಿದರು. ಒಂದೊಂದು ಸಲವೂ ಹೆಸರು ಇನ್ನಷ್ಟು ಸಲೀಸಾಗಿ ಬಂತು.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಹೊರಟರು. ಬೀದಿಯ ತಿರುವಿನಲ್ಲಿ ನೀಲಾಂಬಿಕೆ ಹೂಬತ್ತಿಯ ಮೊರ ನೆನಪಾಗಿ ಹಿಂದಕ್ಕೆ ಬಂದಳು. ಬೀದಿಬಾಗಿಲು ಅರ್ಧ ತೆರೆದಿತ್ತು. ಒಳಗೆ ಬಸವಲಿಂಗಮ್ಮ ರಾಣಿಯ ಚುಕ್ಕಿಯ ಮೇಲೆ, ಬಾಗಿಲಿಗೆ ಬೆನ್ನುಮಾಡಿ ನಿಂತಿದ್ದರು. ಕೈಯಲ್ಲಿ ಪುಸ್ತಕವಿರಲಿಲ್ಲ. ಎದುರಿಗೆ ರಾಜನ ಗೆರೆಯ ಹತ್ತಿರ ಯಾರೂ ಇರಲಿಲ್ಲ.

"ಪಂಚಾಕ್ಷರಯ್ಯ," ಎಂದರು. ಕೊನೆಯ ಅಕ್ಷರ ಗಂಟಲಲ್ಲೇ ಉಳಿಯಿತು.

ನೀಲಾಂಬಿಕೆ ಮೊರವನ್ನು ಅಲ್ಲೇ ಬಿಟ್ಟು ಸದ್ದಾಗದಂತೆ ಮೆಟ್ಟಿಲಿಳಿದಳು. ಬೆನ್ನ ಹಿಂದೆ, ತಿಂಗಳಿಂದ ದಿನವೂ ಕೇಳಿದ್ದ ಅದೇ ಬಿಗಿಯಾದ ದನಿ ಕೇಳಿಸಿತು:

"ಇನ್ನೊಂದು ಸಲ."