ಬೇಕಂತಲೇ ಬೆರೆಸಿದ ತಪ್ಪು

2025ರ ಜೂನ್ 19, ಗುರುವಾರ, ಬೆಳಿಗ್ಗೆ 8.40. ಸರಸ್ವತಿಪುರಂ ಮನೆಯಲ್ಲಿ ನಂಜುಂಡಯ್ಯನವರು ಮಗಳ ಪ್ರಿಂಟರಿನಿಂದ ಬಂದ ಹಾಳೆ ಹಿಡಿದು ಕೆಂಪು ಪೆನ್ನಿನ ಮುಚ್ಚಳ ತೆಗೆದರು.

"ಕಂಪ್ಯೂಟರೇ ಸರಿ ಅಂತು ಕಣಪ್ಪ," ಎಂದಳು ಅಪೂರ್ವ.

"ಬರೆದವನೇ ಪ್ರೂಫ್ ನೋಡಿದ್ರೆ ಎಲ್ಲಾ ಸರಿಯಾಗೇ ಇರುತ್ತೆ ಕಣಮ್ಮ."

ನಲವತ್ತು ವರ್ಷ ಅಚ್ಚುಕೂಟದಲ್ಲಿ ತಪ್ಪು ಹೆಕ್ಕಿದವರಿಗೆ ಮಗಳ ವಿದ್ಯೆ ಇನ್ನೂ ಒಗ್ಗಿರಲಿಲ್ಲ. ಕ್ವಾಂಟಮ್ ಕಂಪ್ಯೂಟರಿಗೂ ಬಿಡಿಸಲಾಗದಂತೆ ಅವಳು ಸಂದೇಶವನ್ನು ಸೊನ್ನೆ-ಒಂದುಗಳ ಸಾಲಾಗಿಸಿ, ಅದರಲ್ಲಿ ಬೇಕಂತಲೇ ತಪ್ಪು ಬೆರೆಸುತ್ತಿದ್ದಳು. ಕೀಲಿ ಇದ್ದವರು ಮಾತ್ರ ಅವನ್ನು ಹೆಕ್ಕಿ ತೆಗೆದು ಓದಬಲ್ಲರು. ಹತ್ತು ಗಂಟೆಗೆ, ಬಳಕೆಗೆ ಯೋಗ್ಯವಾದ ಗೂಢಲಿಪಿಗಳ ಪಟ್ಟಿ ಮಾಡುವ ಮಾನಕ ಸಮಿತಿಯ ಮುಂದೆ ಪ್ರಯೋಗ. ಒಂದೇ ತಪ್ಪು ಉಳಿದರೂ ಐದು ವರ್ಷದ ಕೆಲಸ ಪಟ್ಟಿಯಿಂದ ಹೊರಗೆ.

ನಿನ್ನೆ ತಾವೇ ಬರೆದುಕೊಟ್ಟಿದ್ದ ಮಾತು ಗೂಢಲಿಪಿಯಾಗಿ ಹೋಗಿ, ಕೀಲಿಯಿಂದ ಬಿಡಿಸಿಕೊಂಡು ಹಾಳೆಯ ಮೇಲೆ ಮರಳಿತ್ತು. ಅರ್ಥದ ಓಟ ಕಣ್ಣನ್ನು ಮೋಸಗೊಳಿಸದಿರಲೆಂದು ಅವರು ಹಳೆಯ ರೂಢಿಯಂತೆ ಕೊನೆಯ ಪದದಿಂದ ಹಿಂದಕ್ಕೆ ಓದಿದರು. ಕೊಂಬು, ದೀರ್ಘ, ಒತ್ತು, ಎಲ್ಲದರ ಮೇಲೂ ಪೆನ್ನು ಸುಳಿಯಿತು, ಎಲ್ಲೂ ಇಳಿಯಲಿಲ್ಲ. ಮೊದಲ ಪದ ಮುಟ್ಟಿದಾಗ ಮುಚ್ಚಳ ಹಾಕಿದರು.

"ಎಷ್ಟು ಬೆರೆಸಿದ್ದೆ?"

"ಅರವತ್ನಾಲ್ಕು."

ನಂಜುಂಡಯ್ಯನವರು ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೇಳುವಂತೆ ಕೂಗಿ ಹೇಳಿದರು: "ಶಾರದಾ, ನಿನ್ನ ಮಗಳು ಅರವತ್ನಾಲ್ಕು ತಪ್ಪು ಮಾಡಿದ್ದಾಳೆ ಕಣೇ."

ಹಾಳೆಯಲ್ಲಿ ಉಳಿದಿದ್ದ ತಪ್ಪು ಸೊನ್ನೆ.