ಅಂಗಳದ ಏಸಿ

ಹಳೆಯದರ ಹತ್ತರಲ್ಲೊಂದು ಪಾಲು ಕರೆಂಟಿನಲ್ಲಿ ಓಡುವ ಹೊಸ ಏಸಿ ಬಂದ ಮೇಲೆ ಕಲಬುರಗಿಯ ಜನ ಅಂಗಳಕ್ಕೂ ಎಮ್ಮೆಯ ಕೊಟ್ಟಿಗೆಗೂ ಏಸಿ ಹಾಕಿಸಿದ್ದರು. ಆ ಮಧ್ಯಾಹ್ನ ಭಾರ ತಾಳದೆ ಓಣಿಯ ಕರೆಂಟು ಮೂರನೇ ಸಲ ಹೋಯಿತು. ಅದೇ ಓಣಿಯ ಹೆರಿಗೆ ಆಸ್ಪತ್ರೆಯಲ್ಲಿ ಒಂದು ಎಳೆಗೂಸಿನ ಉಸಿರಾಟದ ಯಂತ್ರಕ್ಕೆ ಒಂದು ಗಂಟೆಯ ಬ್ಯಾಟರಿ ಮಾತ್ರ ಉಳಿದಿತ್ತು. ಕೂಸನ್ನು ಡಾಕ್ಟರರಿಗೆ ಒಪ್ಪಿಸಿ ನರ್ಸ್ ಸುಗಲಾಬಾಯಿ ಬಿಸಿಲಿಗಿಳಿದಳು.

“ಕರೆಂಟ್ ಬಂದ ಮ್ಯಾಲೂ ಅಂಗಳದ ಏಸಿ ಹಚ್ಚಬ್ಯಾಡ್ರಿ, ಕಾಕಾ,” ಎಂದು ಮೊದಲ ಮನೆಯ ಗುರುಲಿಂಗಪ್ಪನವರನ್ನು ಕೇಳಿಕೊಂಡಳು.

“ಇದು ಭಾಳ ಕಮ್ಮಿ ಕರೆಂಟ್ ತಿಂತದವ್ವಾ.”

“ಎಲ್ಲಾರ ಮನೀದೂ ಕಮ್ಮೀನೇ ತಿಂತದ. ಅದಕ್ಕೇ ಯಾರೂ ಬಂದ್ ಮಾಡವಲ್ರು. ಅಲ್ಲಿ ಕೂಸಿಗೆ ಉಸಿರು ಬೇಕಾಗ್ಯದ.”

ಅವರು ಸ್ವಿಚ್ಚು ಆರಿಸಿ, ಚಪ್ಪಲಿ ಮೆಟ್ಟಿ, ಎದುರು ಸಾಲಿನ ಮನೆಗಳಿಗೆ ತಾವೇ ಹೊರಟರು. ಸುಗಲಾಬಾಯಿ ಇಪ್ಪತ್ತೆರಡನೇ ಮನೆಯಲ್ಲಿದ್ದಾಗ ಕರೆಂಟು ಬಂತು, ಮತ್ತೆ ಹೋಗಲಿಲ್ಲ. ಅವಳು ಬೆವರು ಒರೆಸಿಕೊಂಡು ಇಪ್ಪತ್ತಮೂರನೇ ಮನೆಯ ಬಾಗಿಲು ತಟ್ಟಿದಳು.