ಗೋಡೆ ಕಡೆ ಮುಖ

ಸೊಸೈಟಿಯ ಕಂಪ್ಯೂಟರಿನಲ್ಲಿದ್ದದ್ದು ಪುಕ್ಕಟೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶ. ಅದರೊಳಗೆ ಹೊಸದೇನಾದರೂ ಹಾಕಬೇಕೆಂದರೂ, ಹಾಕಿದ್ದನ್ನು ತೆಗೆಯಬೇಕೆಂದರೂ ಪಾಸ್‌ವರ್ಡ್ ಬೇಕು. ಆ ಪಾಸ್‌ವರ್ಡನ್ನು ಸೆಕ್ರೆಟರಿ ಹಂಚಿನಮನಿಯವರು ಜಪ್ಪಯ್ಯ ಅಂದರೂ ಯಾರಿಗೂ ಬಿಟ್ಟುಕೊಟ್ಟವರಲ್ಲ. ಅದನ್ನು ಒತ್ತುವ ಮೊದಲು ಸಿಬ್ಬಂದಿಯನ್ನೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಆಮೇಲೆ ಒಂದೊಂದೇ ಅಕ್ಷರವನ್ನು ಬಾಯಲ್ಲಿ ಅಂದುಕೊಳ್ಳುತ್ತ, ಒಂದೇ ಬೆರಳಿನಿಂದ ಒತ್ತುತ್ತಿದ್ದರು.

ಅವತ್ತು ಪರದೆಯ ಮೇಲೆ ಇಸ್ಪೀಟಿನ ಆಟ ಕಂಡು ಅವರ ಪಿತ್ತ ನೆತ್ತಿಗೇರಿತು.

"ಯಾರು ಹಾಕೀರಿ ಇದನ್ನ?"

"ನಮಗ ಪಾಸ್‌ವರ್ಡ್ ಎಲ್ಲಿ ಗೊತ್ತೈತ್ರೀ ಸರ?" ಎಂದ ಗುಮಾಸ್ತ ಈರಣ್ಣ.

"ದೇವರಾಣಿ, ನನಗೂ ಗೊತ್ತಿಲ್ರೀ," ಎಂದರು ಲೆಕ್ಕ ನೋಡುವ ಗಿರಿಜಕ್ಕ.

"ಇರ್ಲಿ, ಅಧ್ಯಕ್ಷರು ಬರೂದ್ರಾಗ ಮೊದಲ ಇದನ್ನ ತಗದು ಒಗೀತೇನಿ. ಹೂಂ, ಎಲ್ಲಾರೂ ಗ್ವಾಡಿ ಕಡೆ ತಿರುಗ್ರಿ!"

ಎಲ್ಲರೂ ತಿರುಗಿದರು. ಹಂಚಿನಮನಿಯವರು ಸಿಟ್ಟಿನ ಭರದಲ್ಲಿ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡರು. ಎಂದಿನಂತೆ ಗುನುಗುತ್ತ ಒತ್ತಿದರು. ಪಾಸ್‌ವರ್ಡ್ ತಪ್ಪು ಎಂದಿತು ಕಂಪ್ಯೂಟರು. ಮತ್ತೊಮ್ಮೆ ಒತ್ತಿದರು, ಮತ್ತೆ ತಪ್ಪು. ಅಷ್ಟರಲ್ಲಿ ಹೊರಗೆ ಅಧ್ಯಕ್ಷರ ಜೀಪು ಬಂದು ನಿಂತ ಸದ್ದು. ಪರದೆಯ ಮೇಲೆ ಇಸ್ಪೀಟಿನ ರಾಣಿ ಇನ್ನೂ ನಗುತ್ತಲೇ ಇದ್ದಳು. ಹಂಚಿನಮನಿಯವರು ಮೂರನೆಯ ಸಲ ಗುನುಗತೊಡಗಿದರು.

ಗೋಡೆಗೆ ಮುಖ ಮಾಡಿ ನಿಂತವರೆಲ್ಲ, ಹಿಂದೆ ತಿರುಗದೆಯೇ, ಒಂದೇ ದನಿಯಲ್ಲಿ ಅಂದರು:

"ಸರ, ಮೊಮ್ಮಗಳ ಹೆಸರಾದ ಮ್ಯಾಲೆ ಏಳು ಒತ್ತೂದು ಮರತೀರಿ ನೋಡ್ರಿ."